ಸದ್ಭಾವನೆಯ ರಕ್ಷಾಕವಚ: ಸಾಂಕ್ರಾಮಿಕ ರೋಗಗಳ ಕಾಯ್ದೆಯ ನಾಲ್ಕನೆಯ ಕಲಂ

ಭಾರತದಲ್ಲಿ ಸಾಂಕ್ರಾಮಿಕ ರೋಗಗಳ ಹಾವಳಿ ಎದ್ದಾಗ ಸರ್ಕಾರಗಳು ಆಶ್ರಯಿಸುತ್ತ ಬಂದಿರುವ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯು ಮೂಲದಲ್ಲಿ ನಾಲ್ಕೇ ಕಲಂಗಳ ಪುಟ್ಟ ಶಾಸನವಾಗಿತ್ತು. ಮೊದಲನೆಯ ಕಲಂ ಕಾಯ್ದೆಯ ಹೆಸರು ಮತ್ತು ವ್ಯಾಪ್ತಿಯನ್ನು ತಿಳಿಸಿತು. ಎರಡನೆಯದು ರೋಗವನ್ನು ತಡೆಯಲು ಅಗತ್ಯವೆನಿಸಿದ ಯಾವುದೇ ತಾತ್ಕಾಲಿಕ ನಿಯಮವನ್ನು ಹೊರಡಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಮೂರನೆಯದು ಆ ನಿಯಮಗಳನ್ನು ಮೀರಿದವರನ್ನು ದಂಡಸಂಹಿತೆಯ 188ನೆಯ ಕಲಮಿನಡಿ ಶಿಕ್ಷಾರ್ಹರನ್ನಾಗಿಸಿತು. ನಾಲ್ಕನೆಯದು ಒಂದೇ ವಾಕ್ಯದ್ದು: ಕಾಯ್ದೆಯಡಿ ಮಾಡಿದ ಅಥವಾ ಸದ್ಭಾವನೆಯಿಂದ ಮಾಡಲು ಉದ್ದೇಶಿಸಿದ ಯಾವ ಕಾರ್ಯಕ್ಕಾಗಿಯೂ ಯಾರ ಮೇಲೂ ದಾವೆಯನ್ನಾಗಲಿ ಇತರ ಕಾನೂನು ನಡವಳಿಯನ್ನಾಗಲಿ ಹೂಡುವಂತಿಲ್ಲ ಎಂದು ಅದು ವಿಧಿಸಿತು.

ಈ ಶಾಸನದ ಹಿನ್ನೆಲೆಯಲ್ಲಿದ್ದುದು ಮುಂಬಯಿಯ ಪ್ಲೇಗು. 1896ರ ಸೆಪ್ಟೆಂಬರಿನಲ್ಲಿ ಮಾಂಡವಿ ಬಡಾವಣೆಯಲ್ಲಿ ವೈದ್ಯ ಅಕಾಸಿಯೊ ವಿಯೇಗಸ್ ಅವರು ರೋಗವನ್ನು ಗುರುತಿಸಿದ ಮೇಲೆ ಜನರು ಸಾವಿರಾರು ಸಂಖ್ಯೆಯಲ್ಲಿ ಊರು ಬಿಟ್ಟರು. ಭಾರತದ ಹಡಗುಗಳನ್ನು ಯುರೋಪಿನ ಬಂದರುಗಳು ದೂರವಿಡುವ ಭೀತಿಯೂ ತಲೆದೋರಿತು. ಜಾನ್ ವುಡ್‌ಬರ್ನ್ ಮಂಡಿಸಿದ ಮಸೂದೆಯು ತ್ವರಿತವಾಗಿ ಶಾಸನ ಪರಿಷತ್ತನ್ನು ದಾಟಿ 1897ರ ಫೆಬ್ರವರಿ 4ರಂದು ಕಾಯ್ದೆಯಾಯಿತು.

ಸರ್ಕಾರವನ್ನು ನ್ಯಾಯಾಲಯಕ್ಕೆ ಎಳೆಯಬಹುದೇ ಎಂಬ ಪ್ರಶ್ನೆ ಇದಕ್ಕಿಂತ ಹಳೆಯದು. 1861ರಲ್ಲಿ ಕಲ್ಕತ್ತೆಯ ಸರ್ಕಾರಿ ಹಡಗುಕಟ್ಟೆಯ ಕೆಲಸಗಾರರ ಅಜಾಗರೂಕತೆಯಿಂದ ಒಂದು ಹಡಗು ಕಂಪನಿಯ ಕುದುರೆ ಗಾಯಗೊಂಡ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧೀಶ ಬಾರ್ನ್ಸ್ ಪೀಕಾಕ್ ಅವರು, ಖಾಸಗಿ ವ್ಯಕ್ತಿಯೂ ನಡೆಸಬಹುದಾದ ವ್ಯವಹಾರದಲ್ಲಿ ಸರ್ಕಾರ ನಷ್ಟ ತುಂಬಿಕೊಡಬೇಕು, ಆದರೆ ಆಳುವವರಷ್ಟೇ ಚಲಾಯಿಸಬಲ್ಲ ಅಧಿಕಾರದ ವಿಷಯದಲ್ಲಿ ಅದರ ಮೇಲೆ ದಾವೆ ನಡೆಯದು ಎಂಬ ಭೇದವನ್ನು ಸ್ಥಾಪಿಸಿದರು. ಈ ಎರಡನೆಯ ಭಾಗಕ್ಕೆ ಸಾರ್ವಭೌಮ ವಿನಾಯಿತಿ ಎಂದು ಹೆಸರು. ಬಲವಂತದಿಂದ ಮನೆ ತಪಾಸಣೆ ಮಾಡಿಸುವುದು, ರೋಗಿಯನ್ನು ಕುಟುಂಬದಿಂದ ಬೇರ್ಪಡಿಸುವುದು ಮುಂತಾದವು ಆಳುವವರ ಅಧಿಕಾರಕ್ಕೇ ಸೇರಿದ ಕೆಲಸಗಳಾದ್ದರಿಂದ ಸರ್ಕಾರಕ್ಕೆ ಈ ತತ್ವದ ಆಸರೆ ಮೊದಲೇ ಇತ್ತು. ನಾಲ್ಕನೆಯ ಕಲಂ ಅದೇ ರಕ್ಷಣೆಯನ್ನು ಸ್ಥಳದಲ್ಲಿ ಕೆಲಸ ಮಾಡುವ ಅಧಿಕಾರಿಗೂ ಸಿಪಾಯಿಗೂ ವಿಸ್ತರಿಸಿತು.

ಈ ರಕ್ಷಣೆಯ ಅಳತೆಗೋಲು ಸದ್ಭಾವನೆ ಎಂಬ ಪದವಾಗಿದ್ದರೂ ಕಾಯ್ದೆಯು ಅದರ ಅರ್ಥವನ್ನು ಎಲ್ಲಿಯೂ ಹೇಳಲಿಲ್ಲ. 1860ರ ದಂಡಸಂಹಿತೆಯ ಪ್ರಕಾರ ತಕ್ಕ ಎಚ್ಚರಿಕೆ ಮತ್ತು ಗಮನವಿಲ್ಲದೆ ಮಾಡಿದ ಕೆಲಸವು ಸದ್ಭಾವನೆಯದಾಗಿರಲಿಲ್ಲ. ಪ್ಲೇಗಿನ ಕಾಯ್ದೆ ಬಂದು ಐದು ವಾರಗಳಾದ ಮೇಲೆ, 1897ರ ಮಾರ್ಚಿನಲ್ಲಿ, ಮುಂದಿನ ಶಾಸನಗಳಿಗೆಂದು ರೂಪಿಸಲಾದ ಸಾಮಾನ್ಯ ಖಂಡಗಳ ಕಾಯ್ದೆಯ ಪ್ರಕಾರವಾದರೋ, ಅಜಾಗರೂಕತೆಯಿಂದ ಮಾಡಿದ್ದರೂ ಪ್ರಾಮಾಣಿಕವಾಗಿ ಮಾಡಿದ್ದರೆ ಅದು ಸದ್ಭಾವನೆಯೇ. ಮೊದಲ ಅರ್ಥವನ್ನು ಹಿಡಿದರೆ ನೊಂದವನಿಗೆ ನ್ಯಾಯಾಲಯದ ಬಾಗಿಲು ಸ್ವಲ್ಪವಾದರೂ ತೆರೆದಿರುತ್ತದೆ. ಎರಡನೆಯದನ್ನು ಹಿಡಿದರೆ, ದುರುದ್ದೇಶವನ್ನು ಸಾಬೀತುಪಡಿಸಲಾಗದ ಬಡಪಾಯಿಗೆ ಅದು ಮುಚ್ಚಿದಂತೆಯೇ.

ನಷ್ಟದ ಮಾತನ್ನು ಕಾಯ್ದೆ ಪೂರ್ತಿ ಮರೆತಿರಲಿಲ್ಲ. ಕ್ರಮಗಳ ವೆಚ್ಚವನ್ನು, ಪರಿಹಾರವೇನಾದರೂ ಇದ್ದರೆ ಅದನ್ನೂ, ಯಾರು ಯಾವ ರೀತಿ ಭರಿಸಬೇಕೆಂಬುದನ್ನು ಸರ್ಕಾರ ನಿರ್ಧರಿಸಬಹುದು ಎಂದು ಎರಡನೆಯ ಕಲಂ ಹೇಳಿತು. ಅಂದರೆ ಪರಿಹಾರವು ಪ್ರಜೆಯ ಹಕ್ಕಾಗಿ ಉಳಿಯದೆ ದೊರೆಯ ಮರ್ಜಿಗೆ ಬಿಟ್ಟ ಸಂಗತಿಯಾಯಿತು. ಪುಣೆಯಲ್ಲಿ ಪ್ಲೇಗು ಅಧಿಕಾರಿ ಡಬ್ಲ್ಯು. ಸಿ. ರಾಂಡ್ ಅವರ ಕೈಕೆಳಗೆ ಸೈನಿಕರು ಮನೆಗಳನ್ನು ಹೊಕ್ಕು ಶೋಧಿಸಿದಾಗ, ಸಾಮಾನುಗಳನ್ನು ಸುಟ್ಟಾಗ, ಜನರನ್ನು ಪ್ರತ್ಯೇಕ ಶಿಬಿರಗಳಿಗೆ ಸಾಗಿಸಿದಾಗ ದೂರುಗಳು ಮನವಿಪತ್ರ ಮತ್ತು ಪತ್ರಿಕೆಗಳ ದಾರಿ ಹಿಡಿದವು. 1897ರ ಜೂನ್ 22ರಂದು ಚಾಪೇಕರ್ ಸಹೋದರರು ರಾಂಡ್ ಮೇಲೆ ಗುಂಡು ಹಾರಿಸಿದರು. ಅದೇ ವರ್ಷ ಬಾಲಗಂಗಾಧರ ತಿಲಕರು ರಾಜದ್ರೋಹದ ಆಪಾದನೆಯ ಮೇಲೆ ಸೆರೆಮನೆ ಸೇರಿದರು. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ, 1898ರಲ್ಲಿ ಪ್ಲೇಗು ಬಡಿದ ಹುಬ್ಬಳ್ಳಿಯೂ ಇದೇ ಕಾಯ್ದೆಯ ಆಳ್ವಿಕೆಯಲ್ಲಿತ್ತು. ವಿಜ್ಞಾನಿ ಹಾಫ್‌ಕಿನ್ ಅವರ ಪ್ಲೇಗು ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದ ಮೊದಲ ಊರುಗಳಲ್ಲಿ ಅದೂ ಒಂದು.

ಹೊಣೆಯ ಪ್ರಶ್ನೆಯನ್ನು ತೀಕ್ಷ್ಣಗೊಳಿಸಿದ್ದೂ ಅದೇ ಲಸಿಕೆ. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮಲ್ಕೋವಾಲ್ ಗ್ರಾಮದಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಜನರು ಧನುರ್ವಾಯುವಿನಿಂದ ಸತ್ತರು. ವಿಚಾರಣಾ ಆಯೋಗವು ಮುಂಬಯಿಯ ಪ್ರಯೋಗಾಲಯದತ್ತ ಬೆರಳು ತೋರಿಸಿತು. ಹಾಫ್‌ಕಿನ್ ಹುದ್ದೆ ಕಳೆದುಕೊಂಡರು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಪರವಾಗಿ ನಿಂತ ಮೇಲೆ 1907ರಲ್ಲಿ ಅವರು ದೋಷಮುಕ್ತರಾದರು. ಹೀಗೆ ಐದು ವರ್ಷ ನಡೆದ ಚರ್ಚೆಯ ಕೇಂದ್ರದಲ್ಲಿದ್ದುದು ಒಬ್ಬ ವಿಜ್ಞಾನಿಯ ಮಾನವೇ ಹೊರತು ಸತ್ತವರ ಕುಟುಂಬಗಳ ಹಕ್ಕಲ್ಲ.

ಸ್ವಾತಂತ್ರ್ಯಾನಂತರ ಸಂವಿಧಾನದ 300ನೆಯ ಅನುಚ್ಛೇದವು ಸರ್ಕಾರದ ಮೇಲೆ ದಾವೆ ಹೂಡುವ ಹಳೆಯ ಸ್ಥಿತಿಯನ್ನೇ ಮುಂದುವರಿಸಿತು. ಹೊಣೆಯನ್ನು ನಿರ್ದಿಷ್ಟಪಡಿಸುವ ಶಾಸನ ಬೇಕೆಂದು 1956ರಲ್ಲಿ ಕಾನೂನು ಆಯೋಗವು ತನ್ನ ಮೊದಲ ವರದಿಯಲ್ಲೇ ಸೂಚಿಸಿತಾದರೂ ಅದಕ್ಕಾಗಿ ತಂದ ಮಸೂದೆಗಳು ಬಿದ್ದುಹೋದವು. 1964ರ ಕಸ್ತೂರಿಲಾಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹಳೆಯ ವಿನಾಯಿತಿಯನ್ನು ಎತ್ತಿಹಿಡಿಯುತ್ತಲೇ ಈ ಸ್ಥಿತಿ ಅತೃಪ್ತಿಕರವೆಂದು ಒಪ್ಪಿಕೊಂಡಿತು. 1983ರ ರುದುಲ್ ಸಾಹ್ ಪ್ರಕರಣದಿಂದ ಮೂಲಭೂತ ಹಕ್ಕಿನ ಉಲ್ಲಂಘನೆಗೆ ನೇರವಾಗಿ ಪರಿಹಾರ ಕೊಡಿಸುವ ಮಾರ್ಗವೊಂದು ತೆರೆಯಿತು.

ಕೋವಿಡ್ ಕಾಲದಲ್ಲಿ, 2020ರಲ್ಲಿ, 1897ರ ಕಾಯ್ದೆಗೆ ತಿದ್ದುಪಡಿಯಾಗಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಕಠಿಣ ಶಿಕ್ಷೆ ಸೇರಿತು. ನಾಲ್ಕನೆಯ ಕಲಂ ಹಾಗೆಯೇ ಉಳಿಯಿತು. ಅದೇ ವರ್ಷ ಕರ್ನಾಟಕವು ತನ್ನದೇ ಸಾಂಕ್ರಾಮಿಕ ರೋಗಗಳ ಅಧಿನಿಯಮವನ್ನು ರಚಿಸಿದಾಗಲೂ ಸದ್ಭಾವನೆಯ ರಕ್ಷಣೆ ಜೊತೆಗೆ ಬಂತು. 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಕೋವಿಡ್‌ನಿಂದ ಮೃತರಾದವರ ಕುಟುಂಬಕ್ಕೆ ತಲಾ 50,000 ರೂಪಾಯಿ ನಿಗದಿಯಾದುದು ಯಾರದೋ ತಪ್ಪಿಗೆ ತೆತ್ತ ದಂಡವಾಗಿರಲಿಲ್ಲ. ಅದು ವಿಪತ್ತು ನಿರ್ವಹಣಾ ಕಾಯ್ದೆಯಡಿಯ ಸಹಾಯಧನವಾಗಿತ್ತು. ಸೋಂಕಿನ ಭೀತಿಯ ನಡುವೆ ತುರ್ತಾಗಿ ನಿರ್ಣಯಿಸಬೇಕಾದ ಅಧಿಕಾರಿಗೆ ರಕ್ಷಣೆ ಬೇಕೆಂಬುದು ನ್ಯಾಯವೇ. ಆದರೆ ಆ ರಕ್ಷಣೆಯ ಎಲ್ಲೆಯನ್ನು ಗುರುತಿಸಬೇಕಾದ ಸದ್ಭಾವನೆ ಎಂಬ ಪದಕ್ಕೆ 1897ರ ಕಾಯ್ದೆಯು ಕೊಡದೆ ಬಿಟ್ಟ ಅರ್ಥವನ್ನು 2020ರ ತಿದ್ದುಪಡಿಯೂ ಕೊಡಲಿಲ್ಲ.