ಗುರುವಿನ ಉಪಗ್ರಹಗಳ ಸ್ಥಾನಮಾಪನ

ಗುರುಗ್ರಹದ ಉಪಗ್ರಹಗಳು ಯಾವ ಕ್ಷಣದಲ್ಲಿ ಎಲ್ಲಿವೆ ಎಂಬುದನ್ನು ಭೂಮಿಯಿಂದ ಅಳೆಯುವ ಕ್ರಮ. ಇಯೊ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊಗಳನ್ನು ಗೆಲಿಲಿಯೊ 1610ರಲ್ಲಿ ಕಂಡ. ಮುಂದೆ ಅವು ಭೂಮಾಪಕರಿಗೂ ಬೇಕಾದವು. ಉಪಗ್ರಹವೊಂದು ಗುರುವಿನ ನೆರಳನ್ನು ಹೊಗುವ ಕ್ಷಣ ಎಲ್ಲ ಊರಿಗೂ ಒಂದೇ. ಆ ಕ್ಷಣಕ್ಕೆ ಎರಡು ಊರುಗಳ ಸ್ಥಳೀಯ ವೇಳೆಯಲ್ಲಿರುವ ಅಂತರದಿಂದ ಅವುಗಳ ರೇಖಾಂಶದ ಅಂತರ ಸಿಗುತ್ತದೆ. ಮದ್ರಾಸ್ ವೀಕ್ಷಣಾಲಯದ ಗೋಲ್ಡಿಂಗ್‌ಹ್ಯಾಮ್ ಹೀಗೆಯೇ ಮದ್ರಾಸಿನ ರೇಖಾಂಶ ಕಂಡುಕೊಂಡರು. ಲ್ಯಾಂಬ್ಟನ್ನರ ತ್ರಿಕೋನ ಸರ್ವೆ ಅದನ್ನು ಆಧಾರವಾಗಿಟ್ಟುಕೊಂಡು ಬೆಂಗಳೂರಿನಿಂದ ಗುತ್ತಿಯವರೆಗೆ ಬಂತು. ಆದರೆ ಉಪಗ್ರಹ ಥಟ್ಟನೆ ಮಾಯವಾಗದು, ಮೆಲ್ಲಗೆ ಮಂಕಾಗುತ್ತದೆ. ಮರೆಯಾದ ಕ್ಷಣ ನೋಡುವವನ ಕಣ್ಣನ್ನೂ ದೂರದರ್ಶಕವನ್ನೂ ಅವಲಂಬಿಸಿತ್ತು. ಮದ್ರಾಸಿನ ಹಳೆಯ ಅಂಕಿ ಸುಮಾರು ಎರಡೂವರೆ ಕಲೆಯಷ್ಟು (ಕಲೆ ಎಂದರೆ ಡಿಗ್ರಿಯ 60ನೆಯ ಒಂದು ಪಾಲು) ಪೂರ್ವಕ್ಕೆ ಸರಿದಿತ್ತೆಂದು ನಂತರ ತಿಳಿಯಿತು. ರಾಯದುರ್ಗ ಸೀಮೆಯ ಗುಮ್ಮಘಟ್ಟದ ಅಕ್ಷಾಂಶದಲ್ಲಿ ಅದು ನಾಲ್ಕೂವರೆ ಕಿ.ಮೀ. ಆಗುತ್ತದೆ, ಅಂದರೆ ಪಕ್ಕದ ಊರಿನಷ್ಟು ದೂರ.

ಇಂದು ಲೆಕ್ಕ ತಿರುಗಿದೆ: ಊರಿನ ರೇಖಾಂಶ ಗೊತ್ತು, ಉಪಗ್ರಹದ ಜಾಗ ಬೇಕು. ಚಿತ್ರ ತೆಗೆದು ನಕ್ಷತ್ರಗಳಿಂದ ಅದರ ದೂರ ಅಳೆಯುವುದು ನೇರ ದಾರಿ. ಆದರೆ ಗುರು ಅತಿ ಸಮೀಪ ಬಂದಾಗಲೂ ಒಂದು ವಿಕಲೆ, ಎಂದರೆ ಡಿಗ್ರಿಯ 3600ನೆಯ ಒಂದು ಪಾಲು, ಅಲ್ಲಿ ಸುಮಾರು 3000 ಕಿ.ಮೀ.ಗೆ ಸಮ, ನಮ್ಮ ವಾತಾವರಣದ ಅಲುಗಾಟವೇ ಬಹುಪಾಲು ಅಷ್ಟಿರುತ್ತದೆ. ಒಂದು ಕಾಯ ಇನ್ನೊಂದನ್ನು ಮರೆಮಾಡುವ ಕ್ಷಣವನ್ನು ಗುರುತಿಸುವ ಗಡಿಯಾರ ಈ ತೊಡಕನ್ನು ದಾಟುತ್ತದೆ. ಇಯೊ ಸೆಕೆಂಡಿಗೆ ಸುಮಾರು 17 ಕಿ.ಮೀ. ಓಡುವುದರಿಂದ ಸೆಕೆಂಡಿನ ನಿಖರತೆ ಸಿಕ್ಕರೆ ಸ್ಥಾನದ ತಪ್ಪು ಕೆಲವು ಹತ್ತು ಕಿ.ಮೀ.ಗೆ ಇಳಿಯುತ್ತದೆ.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕಾವಲೂರಿನ ವೀಕ್ಷಣಾಲಯ ಈ ಕೆಲಸದಲ್ಲಿ ಹೆಸರು ಮಾಡಿದೆ. 1972ರ ಜೂನ್ 7ರಂದು ಗ್ಯಾನಿಮೀಡ್ ಒಂದು ನಕ್ಷತ್ರವನ್ನು ಮರೆಮಾಡಿದ್ದನ್ನು ಜೆ.ಸಿ. ಭಟ್ಟಾಚಾರ್ಯ ಅವರ ತಂಡ ಅಲ್ಲಿಂದ ದಾಖಲಿಸಿತು. ಜಾವಾದ ಲೆಂಬಾಂಗ್‌ನಲ್ಲೂ ವೀಕ್ಷಣೆ ನಡೆಯಿತು. ಎರಡೂ ಕಡೆಯ ವೇಳೆಗಳಿಂದ ದೊರೆತ ವ್ಯಾಸ ಸುಮಾರು 5270 ಕಿ.ಮೀ.; ಈಗಿನ ಮೌಲ್ಯ 5268. ಅದೇ ದತ್ತಾಂಶದಿಂದ ಊಹಿಸಿದ ವಾತಾವರಣ ಮಾತ್ರ ನಿಲ್ಲಲಿಲ್ಲ. 1979ರಲ್ಲಿ ವಾಯೇಜರ್ ನೌಕೆ ಗ್ಯಾನಿಮೀಡ್‌ನ ವಾತಾವರಣ ಆ ಊಹೆಗಿಂತ ಬಹಳ ವಿರಳವೆಂದು ತೋರಿಸಿತು.

ಉಪಗ್ರಹಗಳು ಪರಸ್ಪರ ಮರೆಮಾಡುವ, ಒಂದರ ನೆರಳು ಇನ್ನೊಂದರ ಮೇಲೆ ಬೀಳುವ ಘಟನೆಗಳು ಇನ್ನೂ ಉಪಯುಕ್ತ. ಭೂಮಿ ಮತ್ತು ಸೂರ್ಯ ಗುರುವಿನ ಸಮಭಾಜಕ ತಲವನ್ನು ದಾಟುವಾಗ, ಸುಮಾರು ಆರು ವರ್ಷಕ್ಕೊಮ್ಮೆ ಇವು ಸಾಲಾಗಿ ಬರುತ್ತವೆ. 1991ರ ಸರದಿಯ ಕಾವಲೂರಿನ ವೀಕ್ಷಣೆಗಳನ್ನು ಆರ್. ವಸುಂಧರಾ ವಿಶ್ಲೇಷಿಸಿದ್ದಾರೆ. 2021ರ ನಂತರದ ಸರದಿ 2026–27ರದು. ಇದಕ್ಕೆ 20 ಸೆಂ.ಮೀ. ದೂರದರ್ಶಕ, ಕ್ಯಾಮೆರಾ ಮತ್ತು ಜಿಪಿಎಸ್ ವೇಳೆ ಸಾಕು. ಹವ್ಯಾಸಿಗಳ ದಾಖಲೆಗಳನ್ನೂ ಖಗೋಳಜ್ಞರು ಬಳಸುತ್ತಾರೆ.