ಒಂದು ಚುಕ್ಕೆಯ ಬೆನ್ನು ಹತ್ತಿ

ಮೈಸೂರಿನ ಅಶೋಕಪುರಂ ನಿಲ್ದಾಣ ಬಿಟ್ಟು ದಕ್ಷಿಣಕ್ಕೆ ಹೊರಟ ರೈಲು ಕಡಕೊಳ ದಾಟಿ ನಂಜನಗೂಡು ಸೇರುತ್ತದೆ. ಸಮುದ್ರ ಇಲ್ಲಿಂದ ಬಲು ದೂರ. ನಡುವೆ ಕೊಡಗಿದೆ, ಘಟ್ಟವಿದೆ. ಈ ಹಳಿಗೂ ಹಡಗಿನ ರೇಡಾರಿಗೂ ಎತ್ತಣಿಂದೆತ್ತ ಸಂಬಂಧ ಎನ್ನಿಸುವುದು ಸಹಜ. ಆದರೆ ನಂಜನಗೂಡಿನಲ್ಲಿ ವಕೀಲರಾಗಿದ್ದ ಬಿ.ಎಂ. ಶಿವರಾಮಯ್ಯನವರ ಮಗಳು ರಾಜೇಶ್ವರಿ, ರೇಡಾರಿನ ಜೀವಾಳವಾದ ಮೈಕ್ರೋವೇವ್ ವಿದ್ಯೆಯನ್ನು ಬೆಂಗಳೂರಿನಲ್ಲಿ ಬೇರೂರಿಸಿದವರಲ್ಲಿ ಒಬ್ಬರು. ರೇಡಿಯೋ ಅಲೆಗೂ ಮೈಸೂರಿಗೂ ಅದಕ್ಕಿಂತ ಹಳೆಯ ನಂಟಿದೆ.

1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ 30 ವ್ಯಾಟಿನ ಪುಟ್ಟ ಯಂತ್ರದಲ್ಲಿ ಬಾನುಲಿ ಪ್ರಸಾರ ಶುರುಮಾಡಿದರು. ಅದೇ ವರ್ಷ ಫೆಬ್ರವರಿ 26ರಂದು ಇಂಗ್ಲೆಂಡಿನ ಡಾವೆಂಟ್ರಿಯ ಬಳಿ ರಾಬರ್ಟ್ ವಾಟ್ಸನ್ ವಾಟ್ ಮತ್ತು ಆರ್ನಲ್ಡ್ ವಿಲ್ಕಿನ್ಸ್, ಬಿಬಿಸಿ ಕೇಂದ್ರದಿಂದ ಹೊರಟ ಅಲೆ ವಿಮಾನಕ್ಕೆ ಬಡಿದು ಮರಳುವುದನ್ನು ತೋರಿಸಿಕೊಟ್ಟಿದ್ದರು. ಒಂದೇ ವರ್ಷ, ಒಂದೇ ಅಲೆ. ಮೈಸೂರಿನಲ್ಲಿ ಅದು ದನಿ ಹೊತ್ತು ಹೊರಟಿತು, ಡಾವೆಂಟ್ರಿಯಲ್ಲಿ ಸುದ್ದಿ ಹೊತ್ತು ಹಿಂದಿರುಗಿತು.

ಹಡಗಿನ ಮಟ್ಟಿಗೆ ರೇಡಾರಿನ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. 1904ರ ಮೇ ತಿಂಗಳಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಕ್ರಿಸ್ಟಿಯನ್ ಹುಲ್ಸ್‌ಮೆಯರ್ ಎಂಬ ಯುವಕ ರೈನ್ ನದಿಯ ಸೇತುವೆಯ ಮೇಲೆ ಒಂದು ಪೆಟ್ಟಿಗೆ ಇಟ್ಟ. ಹಡಗು ಎದುರಾದಾಗ ಪೆಟ್ಟಿಗೆಯ ಗಂಟೆ ಮೊಳಗಿತು. ಮಂಜಿನಲ್ಲಿ ಹಡಗುಗಳು ಡಿಕ್ಕಿಯಾಗದಂತೆ ತಡೆಯಬೇಕೆಂಬುದೇ ಅವನ ಆಸೆ. ಆದರೆ ಎದುರಿಗೆ ಏನೋ ಇದೆ ಎನ್ನುವುದಷ್ಟೇ ಆ ಗಂಟೆಗೆ ಗೊತ್ತು. ಎಷ್ಟು ದೂರದಲ್ಲಿದೆ, ಎತ್ತ ಸಾಗುತ್ತಿದೆ ಎನ್ನುವುದು ಗೊತ್ತಿರಲಿಲ್ಲ. ಕೊಳ್ಳುವವರೂ ಸಿಗಲಿಲ್ಲ. 1940ರಲ್ಲಿ ಬರ್ಮಿಂಗ್‌ಹ್ಯಾಮಿನ ರ್‍ಯಾಂಡಲ್ ಮತ್ತು ಬೂಟ್ ಕಟ್ಟಿದ ಮ್ಯಾಗ್ನೆಟ್ರಾನ್ ಎಂಬ ಕೊಳವೆ ಅರ್ಧ ಗೇಣುದ್ದದ ಚಿಕ್ಕ ಅಲೆಗಳನ್ನು, ಅಂದರೆ ಮೈಕ್ರೋವೇವ್‌ಗಳನ್ನು, ಭಾರೀ ಶಕ್ತಿಯಲ್ಲಿ ಚಿಮ್ಮಿಸಿತು. ಯುದ್ಧ ಮುಗಿದದ್ದೇ ತಡ, ಸರಕು ಹಡಗುಗಳ ಮೇಲೂ ರೇಡಾರ್ ತಿರುಗತೊಡಗಿತು.

ಇನ್ನು ಹಡಗಿಗೆ ಕಣ್ಣು ಬಂತು, ಅಪಘಾತ ತಪ್ಪಿತು ಎಂದೇ ಎಲ್ಲರೂ ಭಾವಿಸಿದರು. ಹಾಗಾಗಲಿಲ್ಲ.

ಕಾರಣ ತಿಳಿಯಬೇಕಾದರೆ ಆ ಕಾಲದ ಹಡಗಿನ ಬ್ರಿಜ್ಜಿನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಒಂದು ರಾತ್ರಿ ನಿಲ್ಲಬೇಕು. ದುಂಡನೆಯ ಪರದೆಯ ನಡುವೆ ತಮ್ಮ ಹಡಗು. ಗಡಿಯಾರದ ಮುಳ್ಳಿನಂತೆ ಬೆಳಕಿನ ಗೆರೆಯೊಂದು ಸುತ್ತುತ್ತಿರುತ್ತದೆ. ಅದು ಹಾದುಹೋದಲ್ಲಿ ಒಂದು ಚುಕ್ಕೆ ಮಿನುಗಿ ಮಂಕಾಗುತ್ತದೆ. ಎರಡು ಗಂಟೆಗೆ ಆ ಚುಕ್ಕೆ ಬಲಮುಂದಕ್ಕೆ, ಎಂಟು ಮೈಲಿ ದೂರದಲ್ಲಿದೆ. ಅಧಿಕಾರಿ ಮೇಣದ ಪೆನ್ಸಿಲಿನಿಂದ ಗಾಜಿನ ಮೇಲೆ ಗುರುತು ಹಾಕಿ ಸಮಯ ಬರೆಯುತ್ತಾನೆ. ಆರು ನಿಮಿಷ ಕಾಯುತ್ತಾನೆ. ಆರು ನಿಮಿಷವೆಂದರೆ ಗಂಟೆಯ ಹತ್ತನೇ ಒಂದು ಪಾಲು, ಲೆಕ್ಕ ಬಾಯಲ್ಲೇ ಆಗುತ್ತದೆ. ಎರಡು ಗಂಟೆ ಆರು ನಿಮಿಷಕ್ಕೆ ಚುಕ್ಕೆ ಏಳು ಮೈಲಿಗೆ ಬಂದಿದೆ, ಆದರೆ ದಿಕ್ಕು ಒಂದಿಷ್ಟೂ ಬದಲಾಗಿಲ್ಲ. ಅಂದರೆ ಅದು ಗಂಟೆಗೆ ಹತ್ತು ಮೈಲಿ ವೇಗದಲ್ಲಿ ನೇರ ತಮ್ಮ ಮೇಲೆಯೇ ಬರುತ್ತಿದೆ. ಎರಡೂ ಹಡಗು ಹೀಗೇ ಸಾಗಿದರೆ 2 ಗಂಟೆ 48 ನಿಮಿಷಕ್ಕೆ ಡಿಕ್ಕಿ ಖಚಿತ.

ಮೊದಲ ಗುರುತಿನಿಂದ ತಿಳಿದದ್ದು ಚುಕ್ಕೆ ಎಲ್ಲಿದೆ ಎಂಬುದಷ್ಟೇ. ಅದರ ನಡೆ ತಿಳಿಯಲು ಎರಡನೆಯ ಗುರುತು ಬೇಕು, ಖಾತ್ರಿಗೆ ಮೂರನೆಯದು. ಇಷ್ಟಾದರೂ ಕಂಡದ್ದು ಎರಡು ಹಡಗುಗಳ ಚಲನೆ ಬೆರೆತ ಸಾಪೇಕ್ಷ ನಡೆ. ಎದುರಿನ ಹಡಗಿನ ನಿಜವಾದ ದಾರಿ ಮತ್ತು ವೇಗ ಬೇಕಿದ್ದರೆ ತಮ್ಮ ಹಡಗಿನ ಚಲನೆಯನ್ನು ಅದಕ್ಕೆ ಕೂಡಿಸಿ ತ್ರಿಕೋನ ಎಳೆಯಬೇಕು. ನಾಲ್ಕೈದು ಚುಕ್ಕೆಗಳಿದ್ದ ರಾತ್ರಿಯಲ್ಲಿ ಒಬ್ಬನೇ ಅಧಿಕಾರಿ ಇಷ್ಟನ್ನೂ ಮಾಡುತ್ತ, ಕಿಟಕಿಯಾಚೆಗೂ ಕಣ್ಣಿಡಬೇಕಿತ್ತು. ಆ ಕೆಲಸದ ಭಾರವನ್ನು ನೆನೆದರೆ ಹಳೆಯ ನಾವಿಕರ ಬಗ್ಗೆ ಗೌರವ ಮೂಡದೆ ಇರದು.

1956ರ ಜುಲೈ 25ರ ರಾತ್ರಿ ಅಮೆರಿಕದ ನಂಟಕೆಟ್ ದ್ವೀಪದಾಚೆ ಇಟಲಿಯ ಆಂಡ್ರಿಯಾ ಡೋರಿಯಾ ಮತ್ತು ಸ್ವೀಡನ್ನಿನ ಸ್ಟಾಕ್‌ಹೋಮ್ ಎಂಬ ಪ್ರಯಾಣಿಕರ ಹಡಗುಗಳು ಡಿಕ್ಕಿಯಾದವು. ಎರಡರಲ್ಲೂ ರೇಡಾರ್ ಇತ್ತು. ಇಟಲಿಯ ಹಡಗು ಎದುರಿನದನ್ನು ಸುಮಾರು 17 ಮೈಲಿ ದೂರದಲ್ಲೇ ಕಂಡಿತ್ತು. ಆದರೂ ಅದರಲ್ಲಿ ಯಾರೂ ಚುಕ್ಕೆಯ ನಡೆಯನ್ನು ಗುರುತು ಹಾಕಿ ಲೆಕ್ಕ ಹಿಡಿಯಲಿಲ್ಲ. 51 ಮಂದಿ ಸತ್ತರು. ಆಂಡ್ರಿಯಾ ಡೋರಿಯಾ ಮರುದಿನ ಬೆಳಿಗ್ಗೆ ಮುಳುಗಿತು. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳು, ರೇಡಾರ್ ಇದ್ದ ಮೇಲೆ ಅದನ್ನು ಸರಿಯಾಗಿ ಬಳಸಲೇಬೇಕು, ಅರೆಬರೆ ಮಾಹಿತಿ ನೆಚ್ಚಿ ತೀರ್ಮಾನಕ್ಕೆ ಬರಕೂಡದು ಎಂದು ಕಟ್ಟಪ್ಪಣೆ ಮಾಡಿದವು.

ಅಷ್ಟರಲ್ಲಿ ಪೆನ್ಸಿಲ್ ಹಿಡಿಯುವ ಕೆಲಸಕ್ಕೆ ಕಂಪ್ಯೂಟರ್ ಬಂದಿತ್ತು. ನಾರ್ವೆಯ ನಾರ್‌ಕಂಟ್ರೋಲ್ ಕಂಪನಿ 1969ರಲ್ಲಿ ತೈಮಿರ್ ಎಂಬ ಸರಕು ಹಡಗಿಗೆ ಇಂಥ ಯಂತ್ರ ಕೊಟ್ಟಿತು. ಮುಂದೆ ಇದಕ್ಕೆ ಆರ್ಪಾ ಎಂಬ ಹೆಸರು ನಿಂತಿತು. 1984ರ ಸೆಪ್ಟೆಂಬರಿನಿಂದ ಕಟ್ಟಿದ, 10,000 ಟನ್ ಮತ್ತು ಅದಕ್ಕೆ ಮೇಲ್ಪಟ್ಟ ಹಡಗುಗಳಿಗೆ ಇದು ಕಡ್ಡಾಯವಾಯಿತು. ಅಧಿಕಾರಿ ಪರದೆಯ ಚುಕ್ಕೆಯ ಮೇಲೆ ಗುರುತು ತಂದು ಗುಂಡಿ ಒತ್ತಿದರೆ ಸಾಕು. ಹಡಗಿನವರ ಭಾಷೆಯಲ್ಲಿ ಇದು ಟಾರ್ಗೆಟ್ ಅಕ್ವೈರ್ ಮಾಡುವುದು. ಯಂತ್ರ ಆ ಚುಕ್ಕೆಯ ಸುತ್ತ ಸಣ್ಣದೊಂದು ಚೌಕ ಹಾಕಿ, ಪ್ರತಿ ಸುತ್ತಿನಲ್ಲೂ ಅದು ಎಲ್ಲಿಗೆ ಸರಿಯಿತೆಂದು ಹುಡುಕುತ್ತದೆ. ಒಂದು ನಿಮಿಷದೊಳಗೆ ಚಲನೆಯ ಅಂದಾಜು, ಮೂರು ನಿಮಿಷದೊಳಗೆ ಮುಂದಿನ ದಾರಿ, ತೀರಾ ಹತ್ತಿರ ಬರುವ ದೂರ, ಬರುವ ಸಮಯ ಎಲ್ಲವನ್ನೂ ತೋರಿಸಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ.

ಯಂತ್ರವೂ ಎಡವುತ್ತದೆ. ಎರಡು ಹಡಗು ಒತ್ತೊತ್ತಾಗಿ ಹಾದುಹೋದರೆ ಒಂದರ ಬೆನ್ನು ಬಿಟ್ಟು ಇನ್ನೊಂದರ ಬೆನ್ನು ಹತ್ತುತ್ತದೆ. ನಮ್ಮ ಕರಾವಳಿಯ ಮುಂಗಾರಿನಲ್ಲಿ ಅಲೆಯ ನೊರೆ, ಮಳೆಯ ಮೋಡವೇ ಪರದೆ ತುಂಬ ಚುಕ್ಕೆ ಚೆಲ್ಲುತ್ತವೆ. ಆ ಕಸ ಅಳಿಸಲೆಂದು ಒಂದು ಗುಂಡಿಯಿದೆ. ಅದನ್ನು ಜಾಸ್ತಿ ತಿರುಗಿಸಿದರೆ ಕಸದ ಜೊತೆಗೆ ಸಣ್ಣ ದೋಣಿಯೂ ಅಳಿಸಿಹೋಗುತ್ತದೆ.

ಈ ವಿದ್ಯೆಯ ಕನ್ನಡನಾಡಿನ ಮನೆ ಬೆಂಗಳೂರು. ಗಣಿತದಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಮೊದಲಿಗರಾಗಿ ತೇರ್ಗಡೆಯಾದ, ನಂಜನಗೂಡಿನ ವಕೀಲರ ಮಗಳು ರಾಜೇಶ್ವರಿ 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. 1947ರಲ್ಲಿ ಅಮೆರಿಕದ ಮಿಚಿಗನ್‌ಗೆ ಹೊರಟು, ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿದರು. ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾಗಿ ರಾಜೇಶ್ವರಿ ಚಟರ್ಜಿಯಾದರು. ಇಬ್ಬರೂ ಕೂಡಿ ಸಂಸ್ಥೆಯಲ್ಲಿ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು. 1982ರಲ್ಲಿ ನಿವೃತ್ತರಾಗುವವರೆಗೆ ರಾಜೇಶ್ವರಿ ಆಂಟೆನಾ, ಮೈಕ್ರೋವೇವ್ ಪಾಠ ಹೇಳಿದರು, ಪುಸ್ತಕ ಬರೆದರು, 20 ಮಂದಿಗೆ ಡಾಕ್ಟರೇಟ್ ಮಾರ್ಗದರ್ಶನ ಮಾಡಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ನೆನೆಯುತ್ತಾರೆ. ಅವರ ಹೆಸರು ಶಾಲೆಯ ಪಾಠಗಳಲ್ಲಿ ಇನ್ನೂ ಎಷ್ಟೋ ಹೆಚ್ಚು ಕೇಳಿಬರಬೇಕು.

ಅದೇ ಹೊತ್ತಿಗೆ ಊರಿನ ಉತ್ತರಕ್ಕೆ, ಜಾಲಹಳ್ಳಿಯಲ್ಲಿ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿತ್ತು. ಜನರ ಬಾಯಲ್ಲಿ ಬಿಇಎಲ್. ಫ್ರಾನ್ಸಿನ ಸಿಎಸ್ಎಫ್ ಕಂಪನಿಯ ನೆರವಿನಿಂದ ಶುರುವಾದ ಈ ಕಾರ್ಖಾನೆ 1966ರಲ್ಲಿ ಸೇನೆಗೆ ರೇಡಾರ್ ತಯಾರಿಸುವ ಘಟಕ ತೆರೆಯಿತು. 1973ರಲ್ಲಿ ನೌಕಾಪಡೆಯ ಫ್ರಿಗೇಟುಗಳಿಗೂ ರೇಡಾರ್ ಮಾಡಿತು. ಮುಂದೆ ನೌಕಾಪಡೆಯ ಹಡಗುಗಳಿಗೆ ದಾರಿ ತೋರಿದ ರಶ್ಮಿ ರೇಡಾರ್ ಕೂಡ ಬಿಇಎಲ್‌ನದೇ. 2008ರ ಮುಂಬೈ ದಾಳಿಯ ನಂತರ ದೇಶದ ಕರಾವಳಿಯುದ್ದಕ್ಕೂ ನೆಟ್ಟ ಕಾವಲು ರೇಡಾರುಗಳ ಜಾಲವನ್ನು ಜೋಡಿಸಿದ್ದೂ ಇದೇ ಸಂಸ್ಥೆ. ಮೊದಲ ಹಂತದಲ್ಲಿ 46 ಠಾಣೆಗಳು, ಅವುಗಳಲ್ಲಿ 36 ಭಾರತದ ನೆಲದಂಚಿನಲ್ಲಿ, ಉಳಿದವು ಲಕ್ಷದ್ವೀಪ ಮತ್ತು ಅಂಡಮಾನಿನಲ್ಲಿ.

ಇಷ್ಟೆಲ್ಲ ಕಣ್ಣುಗಳಿದ್ದೂ ನಮ್ಮ ಕಡಲಿನಲ್ಲಿ ಸಾವು ತಪ್ಪಿಲ್ಲ. 2021ರ ಏಪ್ರಿಲ್ 13ರ ನಡುರಾತ್ರಿ ದಾಟಿದ ಹೊತ್ತು, ಕೇರಳದ ಬೇಪೂರಿನಿಂದ ಹೊರಟ ರಬಾ ಎಂಬ ಮೀನುಗಾರಿಕೆ ಬೋಟಿಗೂ ಸಿಂಗಪುರದ ಬಾವುಟದ ಕಂಟೇನರ್ ಹಡಗೊಂದಕ್ಕೂ ಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲಿ ಆಚೆ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಜನರಲ್ಲಿ ಜೀವಂತ ಸಿಕ್ಕಿದವರು ಇಬ್ಬರೇ. ಮಲ್ಪೆಯಿಂದ, ಮಂಗಳೂರಿನ ಬಂದರಿನಿಂದ ಆಳಸಮುದ್ರಕ್ಕೆ ಬೋಟು ನಡೆಸುವ ಪ್ರತಿಯೊಬ್ಬ ತಾಂಡೇಲನಿಗೂ ಅಂಥ ರಾತ್ರಿಯ ಭಯ ಗೊತ್ತು. ನವ ಮಂಗಳೂರು ಬಂದರಿನ ಹಡಗುಗಳ ದಾರಿಗೂ ಮೀನಿರುವ ಕಡಲಿಗೂ ನಡುವೆ ಬೇಲಿಯಿಲ್ಲ.

ಮರವೂ ಫೈಬರೂ ರೇಡಾರ್ ಅಲೆಯನ್ನು ಸರಿಯಾಗಿ ಮರಳಿಸುವುದಿಲ್ಲ. ಬೋಟಿನ ಎಂಜಿನ್, ವಿಂಚಿನ ಕಬ್ಬಿಣ ಕೊಂಚ ಮರಳಿಸಿದರೂ ಅಲೆಯ ಏರಿಳಿತದಲ್ಲಿ ಆ ಚುಕ್ಕೆ ಒಂದು ಸುತ್ತಿಗೆ ಕಂಡು ಮೂರು ಸುತ್ತಿಗೆ ಮಾಯವಾಗುತ್ತದೆ. ಕಂಡು ಮಾಯವಾಗುವ ಚುಕ್ಕೆಯ ಬೆನ್ನು ಹತ್ತಲು ಎಂಥ ಕಂಪ್ಯೂಟರಿಗೂ ಕಷ್ಟ. ಇದಕ್ಕೆ ಹಳೆಯ, ಅಗ್ಗದ ಪರಿಹಾರವೊಂದಿದೆ: ಕೋಣೆಯ ಮೂಲೆಯಂತೆ ಪರಸ್ಪರ ಲಂಬ ಕೋನದಲ್ಲಿ ಕೂಡುವ ಮೂರು ಲೋಹದ ತಗಡು. ಯಾವ ಕಡೆಯಿಂದ ಅಲೆ ಬಂದು ಆ ಮೂಲೆಗೆ ಬಿದ್ದರೂ ಬಂದ ದಾರಿಗೇ ಮರಳುತ್ತದೆ. ಇಂಥ ಮೂಲೆಗಳನ್ನು ಎಲ್ಲ ದಿಕ್ಕಿಗೂ ಮುಖಮಾಡಿ ಜೋಡಿಸಿದ್ದೇ ರೇಡಾರ್ ರಿಫ್ಲೆಕ್ಟರ್. ಅದಕ್ಕೆ ಕರೆಂಟು ಬೇಡ, ಬ್ಯಾಟರಿ ಬೇಡ. ಬೋಟಿನ ಮಾಲೀಕರು ಈ ಸಲ ಬಲೆ, ಡೀಸೆಲ್, ಮಂಜುಗಡ್ಡೆಯ ಖರ್ಚು ಬರೆಯುವಾಗ ಅದರ ಜೊತೆಗೆ ಒಂದು ರಿಫ್ಲೆಕ್ಟರನ್ನೂ ಬರೆದುಕೊಂಡು, ಕಂಬದ ತುದಿಗೆ, ಎಷ್ಟು ಎತ್ತರಕ್ಕೆ ಸಾಧ್ಯವೋ ಅಷ್ಟು ಎತ್ತರಕ್ಕೆ ಕಟ್ಟಲಿ.