ವಾಹನಶೋಧ, ಸಮ್ಮತಿ ಮತ್ತು ಸಾಕ್ಷ್ಯ: ಕರ್ನಾಟಕದ ಒಂದು ಮೊಕದ್ದಮೆಯ ಹಿನ್ನೆಲೆಯಲ್ಲಿ

ಬೆಂಗಳೂರು ದಂಡಿನ ಪೂರ್ವಕ್ಕೆ, ಹಲಸೂರಿನ ಆಚೆ ಹಬ್ಬಿರುವ ಇಂದಿರಾನಗರವು ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದಿಂದೀಚೆಗೆ ಬೆಳೆದುಬಂದ ಬಡಾವಣೆ. ಅದರ ಉತ್ತರದ ಅಂಚಿನಲ್ಲಿ ಹಳೆಯ ಮದರಾಸು ರಸ್ತೆ ಸಾಗುತ್ತದೆ. ಅಲ್ಲಿಂದ ದೊಮ್ಮಲೂರಿನ ಕಡೆಗೆ ನೂರಡಿ ರಸ್ತೆ ಹೊರಡುತ್ತದೆ. ಉಪಾಹಾರಗೃಹಗಳೂ ಪಾನಗೃಹಗಳೂ ಸಾಲುಗಟ್ಟಿರುವ ಈ ಭಾಗದಲ್ಲಿ ರಾತ್ರಿಯ ವೇಳೆ ಪೊಲೀಸರು ವಾಹನಗಳನ್ನು ತಡೆದು ಚಾಲಕರ ಉಸಿರನ್ನು ಪರೀಕ್ಷಿಸುವುದು ನಗರವಾಸಿಗಳಿಗೆ ಪರಿಚಿತವಾದ ಸಂಗತಿ. ಆ ಪರೀಕ್ಷೆ ಮುಗಿದ ಮೇಲೆ, ಡಿಕ್ಕಿಯನ್ನು ತೆಗೆಯಿರೆಂದು ಅಧಿಕಾರಿ ಹೇಳಿ, ಚಾಲಕನು ಮರುಮಾತಿಲ್ಲದೆ ತೆರೆದನೆನ್ನೋಣ. ಅದು ಸಮ್ಮತಿಯೆ? ಅಲ್ಲಿ ದೊರೆತ ವಸ್ತು ಅವನ ವಿರುದ್ಧ ಸಾಕ್ಷ್ಯವಾಗಬಲ್ಲುದೆ? ಈ ಎರಡು ಪ್ರಶ್ನೆಗಳ ಚರಿತ್ರೆಯನ್ನು ಸಂಕ್ಷೇಪವಾಗಿ ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲು ಉಸಿರಿನ ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. 1988ರ ಮೋಟಾರು ವಾಹನ ಅಧಿನಿಯಮದ 203ನೆಯ ಕಲಮು ಅದಕ್ಕೆ ಅಧಿಕಾರ ಕೊಡುತ್ತದೆ. ಸಕಾರಣವಿಲ್ಲದೆ ನಿರಾಕರಿಸಿದರೆ ಆ ನಿರಾಕರಣೆಯನ್ನೇ ಚಾಲಕನ ವಿರುದ್ಧ ಪರಿಗಣಿಸಬಹುದೆಂದು 205ನೆಯ ಕಲಮು ವಿಧಿಸುತ್ತದೆ. ಇಲ್ಲಿ ಒಪ್ಪಿಗೆ, ನಿರಾಕರಣೆಗಳೆರಡರ ಫಲವನ್ನೂ ಶಾಸನವೇ ಹೇಳಿದೆ. ಆದರೆ ಈ ಕಲಮುಗಳು ಡಿಕ್ಕಿಯ ಮಾತನ್ನೆತ್ತುವುದಿಲ್ಲ. ಉಸಿರನ್ನು ನೋಡುವ ಅಧಿಕಾರವು ಗಾಡಿಯ ಒಳಗನ್ನು ನೋಡುವ ಅಧಿಕಾರವಲ್ಲ. ಎರಡನೆಯದಕ್ಕೆ ಬೇರೆ ಆಧಾರ ಬೇಕು.

ಆ ಆಧಾರವಿಲ್ಲದೆ ಶೋಧ ನಡೆದಾಗ ಏನಾಗಬೇಕು? 1872ರ ಭಾರತೀಯ ಸಾಕ್ಷ್ಯ ಅಧಿನಿಯಮವು ಸಾಕ್ಷ್ಯಕ್ಕೆ ಮುಖ್ಯವಾಗಿ ಒಂದೇ ಒರೆಗಲ್ಲನ್ನು ಇಟ್ಟಿತು: ಅದು ವಿವಾದಾಂಶಕ್ಕೆ ಸಂಬಂಧಿಸಿದ್ದೆ, ಅಲ್ಲವೆ? ತಪ್ಪೊಪ್ಪಿಗೆಯ ವಿಷಯದಲ್ಲಿ ಅದು ಪೊಲೀಸರನ್ನು ನಂಬದೆ ಹೋಯಿತಾದರೂ, ವಸ್ತುಗಳು ಹೇಗೆ ಕೈಸೇರಿದುವೆಂಬುದನ್ನು ವಿಚಾರಿಸಲಿಲ್ಲ. ಇಂಗ್ಲೆಂಡಿನ ನ್ಯಾಯಪದ್ಧತಿಯೂ ಅದೇ ಹಾದಿಯಲ್ಲಿತ್ತು. ಕೀನ್ಯಾದ ಕುರುಮ ಮೊಕದ್ದಮೆಯು ನಮ್ಮ ವಿಷಯಕ್ಕೆ ತೀರ ಸಮೀಪದ್ದು. ಅಲ್ಲಿ ತುರ್ತುಪರಿಸ್ಥಿತಿ ಇದ್ದ ಕಾಲದಲ್ಲಿ ಸೈಕಲ್ಲಿನ ಮೇಲೆ ಹೋಗುತ್ತಿದ್ದವನೊಬ್ಬನನ್ನು ರಸ್ತೆಯ ತಡೆಯಲ್ಲಿ ನಿಲ್ಲಿಸಿ ಶೋಧಿಸಲಾಯಿತು. ಎರಡು ಗುಂಡುಗಳು ದೊರೆತುವೆಂದು ಆಪಾದನೆ. ಶೋಧಿಸಿದವರು ನಿಯಮವು ಬಯಸಿದ ದರ್ಜೆಯ ಅಧಿಕಾರಿಗಳಾಗಿರಲಿಲ್ಲ. ಹಾಗಿದ್ದರೂ ಸಾಕ್ಷ್ಯವು ಗ್ರಾಹ್ಯವೆಂದು ಪ್ರಿವಿ ಕೌನ್ಸಿಲು ತೀರ್ಮಾನಿಸಿತು, ಮರಣದಂಡನೆ ಸ್ಥಿರವಾಯಿತು. 1955ರಲ್ಲಿ ವರದಿಯಾದ ಈ ತೀರ್ಪು ಭಾರತದ ನ್ಯಾಯಾಲಯಗಳ ಮೇಲೆಯೂ ಪ್ರಭಾವ ಬೀರಿತು.

ನಮ್ಮ ಸರ್ವೋಚ್ಚ ನ್ಯಾಯಾಲಯವು 1963ರ ರಾಧಾಕಿಶನ್ ಮೊಕದ್ದಮೆಯಲ್ಲಿ ಇದಕ್ಕೆ ಒಂದು ಉಪಸಿದ್ಧಾಂತವನ್ನು ಸೇರಿಸಿತು. ಶೋಧವು ದಂಡ ಪ್ರಕ್ರಿಯಾ ಸಂಹಿತೆಗೆ ವಿರುದ್ಧವಾಗಿದ್ದರೆ ಅದನ್ನು ಆ ಸ್ಥಳದವನು ಪ್ರತಿರೋಧಿಸಬಹುದು. ನ್ಯಾಯಾಲಯವು ಜಪ್ತಿಯ ಸಾಕ್ಷ್ಯವನ್ನು ಹೆಚ್ಚು ಎಚ್ಚರದಿಂದ ತೂಗಬಹುದು. ಆದರೆ ಅಷ್ಟರಿಂದಲೇ ಜಪ್ತಿಯು ಅಸಿಂಧುವಾಗದು ಎಂಬುದು ಅದರ ಸಾರ. ಇದರ ಪರಿಣಾಮವನ್ನು ಓದುಗರು ಗಮನಿಸಬೇಕು. ಪ್ರಜೆಗೆ ರಕ್ಷಣೆ ಇದ್ದುದು ರಸ್ತೆಯಲ್ಲಿ, ಆ ಕ್ಷಣದ ಪ್ರತಿರೋಧದಲ್ಲಿ. ನ್ಯಾಯಾಲಯದ ಮೆಟ್ಟಿಲನ್ನು ಹತ್ತುವ ವೇಳೆಗೆ ಅದು ಬಹುಮಟ್ಟಿಗೆ ಕರಗಿಹೋಗುತ್ತಿತ್ತು. ನಡುರಾತ್ರಿಯಲ್ಲಿ ಸಮವಸ್ತ್ರದ ಅಧಿಕಾರಿಯನ್ನು ಪ್ರತಿರೋಧಿಸುವ ಧೈರ್ಯ ಎಷ್ಟು ಮಂದಿಗೆ ಉಂಟು? ಸುಮ್ಮನಿದ್ದವನು ಸಮ್ಮತಿಸಿದವನಂತೆಯೇ ಆದನು. 1973ರ ಡಿಸೆಂಬರಿನಲ್ಲಿ ಪೂರನ್‌ಮಲ್ ಮೊಕದ್ದಮೆಯ ಸಂವಿಧಾನ ಪೀಠವು, ಆದಾಯ ತೆರಿಗೆಯ ಶೋಧವೊಂದರ ಸಂದರ್ಭದಲ್ಲಿ, ಕಾನೂನು ಸ್ಪಷ್ಟವಾಗಿ ನಿಷೇಧಿಸದ ಹೊರತು ಅಕ್ರಮ ಶೋಧದಿಂದ ದೊರೆತುದನ್ನು ತಳ್ಳಿಹಾಕಬೇಕಾಗಿಲ್ಲವೆಂದು ದೃಢಪಡಿಸಿತು.

ಈ ಪ್ರವಾಹಕ್ಕೆ ಎದುರಾಗಿ ನಿಂತದ್ದು ನಮ್ಮ ನಾಡಿನಿಂದಲೇ ಹೋದ, 1979ರಲ್ಲಿ ವರದಿಯಾದ ಕೆ. ಎಲ್. ಸುಬ್ಬಯ್ಯ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆ. ಅಬಕಾರಿ ಇನ್‌ಸ್ಪೆಕ್ಟರೊಬ್ಬರು ಕಾರೊಂದನ್ನು ಶೋಧಿಸಿದ್ದರು. ಆ ಶೋಧದ ಆಧಾರದ ಮೇಲೆ ಶಿಕ್ಷೆಯಾಗಿತ್ತು. 1965ರ ಮೈಸೂರು ಅಬಕಾರಿ ಅಧಿನಿಯಮದ 53ನೆಯ ಕಲಮು ಮ್ಯಾಜಿಸ್ಟ್ರೇಟರ ವಾರಂಟಿಗೆ ಸಂಬಂಧಿಸಿದುದು. 54ನೆಯದು ವಾರಂಟಿಲ್ಲದೆ ಶೋಧಿಸಲು ಅವಕಾಶ ಕೊಡುತ್ತದೆ. ಆದರೆ ಅಧಿಕಾರಿಯು ತನ್ನ ನಂಬಿಕೆಯ ಕಾರಣಗಳನ್ನು ಶೋಧಕ್ಕೆ ಮೊದಲು ಬರೆದಿಡಬೇಕೆಂಬ ಷರತ್ತಿನ ಮೇಲೆ. ಇಲ್ಲಿ ಇನ್‌ಸ್ಪೆಕ್ಟರು ಹಾಗೆ ಬರೆದಿರಲಿಲ್ಲ. ಉಚ್ಚ ನ್ಯಾಯಾಲಯವು ಈ ಆಕ್ಷೇಪಕ್ಕೆ ಬೆಲೆ ಕೊಡಲಿಲ್ಲ. ಸರ್ವೋಚ್ಚ ನ್ಯಾಯಾಲಯವಾದರೋ ಇಡೀ ಶೋಧವೇ ಅಧಿಕಾರವ್ಯಾಪ್ತಿಯಿಲ್ಲದ್ದೆಂದೂ, ಅದರಿಂದ ಶಿಕ್ಷೆಯೂ ನಿಲ್ಲದೆಂದೂ ತೀರ್ಪಿತ್ತಿತು. ಈ ಎರಡು ಕಲಮುಗಳು ಹುರುಳಿಲ್ಲದ ಆಪಾದನೆ, ಕಿರುಕುಳಗಳಿಂದ ಪ್ರಜೆಯನ್ನು ಕಾಯುವ ಅಮೂಲ್ಯ ರಕ್ಷಣೆಗಳೆಂದು ಅದು ಭಾವಿಸಿತು.

ಈ ತೀರ್ಪಿನಲ್ಲಿ ಕಾರಿನವನು ಒಪ್ಪಿದನೆ, ಬಿಟ್ಟನೆ ಎಂಬುದು ನಿರ್ಣಾಯಕವಾಗಲಿಲ್ಲ. ಅಧಿಕಾರಿಯು ಮೊದಲು ಬರೆದಿದ್ದನೆ ಎಂಬುದೊಂದೇ ನಿರ್ಣಾಯಕವಾಯಿತು. ಅಮೆರಿಕದಲ್ಲಿ ಪ್ರಶ್ನೆಯು ಬೇರೆ ಬಗೆಯಲ್ಲಿ ಬೆಳೆಯಿತು. ಅಲ್ಲಿ 1973ರ ಶ್ನೆಕ್ಲಾತ್ ಮೊಕದ್ದಮೆಯಲ್ಲಿ, ರಾತ್ರಿ ತಡೆದ ಕಾರೊಂದನ್ನು ಅದರಲ್ಲಿದ್ದವನ ಒಪ್ಪಿಗೆಯ ಮೇಲೆ ಶೋಧಿಸಿದ್ದರು. ಒಪ್ಪಿಗೆಯು ಸ್ವಇಚ್ಛೆಯದಾಗಿದ್ದರೆ ಸಾಕು, ನಿರಾಕರಿಸುವ ಹಕ್ಕು ತನಗುಂಟೆಂದು ಅವನಿಗೆ ತಿಳಿದಿತ್ತೆಂದು ತೋರಿಸಬೇಕಾಗಿಲ್ಲ ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅಲ್ಲಿ ಸಮ್ಮತಿಯು ಹೊತ್ತ ಭಾರವನ್ನು ನಮ್ಮಲ್ಲಿ ಪೂರ್ವಲಿಖಿತ ಕಾರಣವು ಹೊತ್ತಿದೆ. ನಮ್ಮ ದೃಷ್ಟಿಯಲ್ಲಿ ಇದೇ ಮೇಲಾದ ಕ್ರಮ. ಹೆದರಿದವನ ತಲೆದೂಗುವಿಕೆಯನ್ನು ಮುಂದೆ ಯಾರೂ ಅಳೆಯಲಾರರು. ಕಾಗದದ ಮೇಲಿನ ಕಾರಣವನ್ನು ನ್ಯಾಯಾಧೀಶರು ಓದಬಲ್ಲರು.

1985ರ ಮಾದಕದ್ರವ್ಯ ಅಧಿನಿಯಮದಲ್ಲಿ ಎರಡೂ ಎಳೆಗಳು ಕೂಡಿಕೊಂಡಿವೆ. ಮ್ಯಾಜಿಸ್ಟ್ರೇಟರ ಅಥವಾ ಗೆಜೆಟೆಡ್ ಅಧಿಕಾರಿಯ ಎದುರಿನಲ್ಲಿ ಶೋಧವಾಗಬೇಕೆಂದು ಕೇಳುವ ಹಕ್ಕನ್ನು 50ನೆಯ ಕಲಮು ಕೊಟ್ಟಿದೆ. ಈ ಹಕ್ಕನ್ನು ತಿಳಿಸದೆ ನಡೆಸಿದ ಶೋಧದಲ್ಲಿ ದೊರೆತ ವಸ್ತುವಿನ ಬಲದ ಮೇಲೆ, ಅದು ವಶದಲ್ಲಿತ್ತೆಂದು ಶಿಕ್ಷಿಸಲಾಗದೆಂದು 1999ರ ಬಲದೇವ್ ಸಿಂಗ್ ತೀರ್ಪು ಹೇಳಿತು. ಆದರೆ ಈ ರಕ್ಷಣೆ ಮೈಮೇಲಿನ ಶೋಧಕ್ಕೆ ಮಾತ್ರ, ಕೈಚೀಲಕ್ಕಿಲ್ಲ ಎಂದು 2005ರ ಪವನ್ ಕುಮಾರ್ ತೀರ್ಪು ಗೆರೆ ಎಳೆಯಿತು. ಡಿಕ್ಕಿಯೂ ಆ ಗೆರೆಯ ಹೊರಗೇ ಉಳಿಯಿತು. ಇನ್ನು 2021ರ ಬೂಟಾ ಸಿಂಗ್ ಮೊಕದ್ದಮೆಯಲ್ಲಿ, ಸಾರ್ವಜನಿಕ ರಸ್ತೆಯಲ್ಲಿದ್ದರೂ ಖಾಸಗಿ ಜೀಪು ಸಾರ್ವಜನಿಕ ವಾಹನವಲ್ಲವೆಂದೂ, ಆದುದರಿಂದ ಬರವಣಿಗೆಯನ್ನು ಬಯಸುವ 42ನೆಯ ಕಲಮು ಅನ್ವಯಿಸುವುದೆಂದೂ ತೀರ್ಮಾನವಾಗಿ ಆರೋಪಿಗಳ ಬಿಡುಗಡೆಯಾಯಿತು. ಸುಬ್ಬಯ್ಯ ಮೊಕದ್ದಮೆಯ ಆಶಯವೇ ಇಲ್ಲಿ ಮತ್ತೆ ತಲೆಯೆತ್ತಿದಂತೆ ನಮಗೆ ತೋರುತ್ತದೆ.

ಆದರೆ ಸಾಮಾನ್ಯ ನಿಯಮ ಬದಲಾಗಿಲ್ಲ. ಅಕ್ರಮವಾಗಿ ಪಡೆದ ಸಾಕ್ಷ್ಯವನ್ನು ತಿರಸ್ಕರಿಸುವ ವಿವೇಚನಾಧಿಕಾರ ನ್ಯಾಯಾಲಯಕ್ಕಿರಬೇಕೆಂದು ಭಾರತದ ಕಾನೂನು ಆಯೋಗವು 1983ರ ತನ್ನ 94ನೆಯ ವರದಿಯಲ್ಲಿ ಶಿಫಾರಸು ಮಾಡಿತು. ಶಾಸಕಾಂಗ ಅದನ್ನು ಸ್ವೀಕರಿಸಲಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಮೇಲೆ ಹಳೆಯ ಸಿದ್ಧಾಂತದ ಒಂದು ಆಧಾರಸ್ತಂಭವು ಸಡಿಲವಾಯಿತೆನ್ನಬಹುದು. ಹಾಗಿದ್ದರೂ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವು ಈ ವಿಷಯದಲ್ಲಿ 1872ರ ಮೌನವನ್ನೇ ಮುಂದುವರಿಸಿದೆ.

ಅದೇ ದಿನ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಕಲಮು ಶೋಧ, ಜಪ್ತಿಗಳನ್ನು ದೃಶ್ಯ-ಶ್ರವ್ಯ ಮುದ್ರಣದಲ್ಲಿ ದಾಖಲಿಸಿ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕೆಂದು ವಿಧಿಸಿದೆ. ಮಹಜರಿಗೆ ಪಂಚರನ್ನು ಹುಡುಕುವ ಹಳೆಯ ತೊಡಕಿಗೆ ಇದು ಕೆಲಮಟ್ಟಿಗೆ ಪರಿಹಾರವಾದೀತು. ಡಿಕ್ಕಿಯನ್ನು ಚಾಲಕನು ಹೇಗೆ ತೆರೆದನೆಂಬುದು ಇನ್ನು ಮುಂದೆ ಕಣ್ಣಿಗೆ ಕಂಡೀತು. ಆದರೆ ಅಧಿಕಾರಿಯು ಅದನ್ನು ತೆರೆಯಿರೆಂದು ಏಕೆ ಹೇಳಿದನೆಂಬುದನ್ನು ಯಂತ್ರವು ಹೇಳಲಾರದು. ಆ ಕಾರಣವು ಶೋಧಕ್ಕೆ ಮೊದಲು ಬರೆದದ್ದಾಗಿರಬೇಕು. ದೊರೆತ ವಸ್ತುವನ್ನು ನೋಡಿ ಬರೆದ ಕಾರಣವು ಕಾರಣವೆನಿಸದು. ಸುಬ್ಬಯ್ಯ ಮೊಕದ್ದಮೆಯು ಅಬಕಾರಿಯ ಒಂದು ಕಾರಿನ ವಿಷಯದಲ್ಲಿ ಸ್ಥಾಪಿಸಿದ ಈ ತತ್ತ್ವವು ಎಲ್ಲ ವಾಹನಶೋಧಗಳಿಗೂ ಸಾಮಾನ್ಯ ನಿಯಮವಾಗುವವರೆಗೆ, ನೂರಡಿ ರಸ್ತೆಯ ಚಾಲಕನ ಮೌನವು ಸಮ್ಮತಿಯೆಂದೇ ಎಣಿಕೆಯಾಗುವ ಅಪಾಯ ತಪ್ಪಿದ್ದಲ್ಲ.